ಎಡಕುಮೇರಿಗೆ ದಾರಿ ಎಳೆಯಬೇಕಾ?

20 ಅಕ್ಟೋಬರ್ 2024, ಭಾನುವಾರ

ಇವತ್ತು ಮಧ್ಯಾಹ್ನವೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಘಟ್ಟದ ರೈಲು ಹಳಿ ತಿದ್ದುತ್ತಾ ಸುರಂಗ ಎಣಿಸಿದ್ದೇ ಆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ನಾನು ಎಣಿಸಿದರೆ ಮಾತ್ರ ಅಷ್ಟು ಸಿಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅಲ್ವಾ, ಯಾರೋ ಎಂದೋ ಉದ್ದಕ್ಕೆ ಒಂದು ಗೆರೆ ಎಳೆದು ಹೋಗಿರುತ್ತಾರೆ. ಸುರಂಗದ ಬಾಯಿ ಬಂದಲ್ಲೆಲ್ಲ ಅದನ್ನು ಕತ್ತರಿಸಬೇಕು. ಇದು ಒಳಗೆ, ಇದು ಹೊರಗೆ, ಇದು ಸೇತುವೆ ಮೇಲೆ ಅಂತ ಗುರುತು ಹಾಕುತ್ತಾ ಹೋಗಬೇಕು.

ಸ್ಟೇಷನ್‌ಗಳದ್ದು ತೊಂದರೆ ಇಲ್ಲ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ಹಳದಿ ಬೋರ್ಡಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆದಿರುತ್ತದೆ, ಅದನ್ನೂ ಸೇರಿಸಿದರಾಯಿತು. ಕಷ್ಟ ಇರುವುದು ಇವುಗಳ ನಡುವೆ. ಉಪಗ್ರಹ ಚಿತ್ರದಲ್ಲಿ ಮರಗಳ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೆಳಗಿರುವುದು ಬರೀ ಹಳಿಯೋ, ಸುರಂಗವೋ? ಕಿಟಕಿ ಪಕ್ಕ ಕೂತು ಫೋನಿನ ಜಿಪಿಎಸ್‌ನಲ್ಲಿ ಹಿಡಿದ ಗೆರೆ ನನ್ನ ಹತ್ತಿರ ಇದೆ. ಐವತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ ಘಟ್ಟ, ಗಾಡಿ ಗಂಟೆಗೆ 30 ಕಿಲೋಮೀಟರ್ ಮೀರುವುದಿಲ್ಲ. ಹಾಗಾಗಿ ಬಯಲಿದ್ದಲ್ಲಿ ಗೆರೆ ನೀಟಾಗಿ ಬಂದಿದೆ. ಸುರಂಗದೊಳಗೆ ಸಿಗ್ನಲ್ ಸತ್ತು, ಆಚೆ ಬಂದಾಗ ರೈಲು ಗುಡ್ಡವನ್ನು ಸೀದಾ ಹಾರಿದ ಹಾಗೆ ಕಾಣುತ್ತದೆ. ಹಳಿ ಹಾಗೆ ಹಾರುವುದಿಲ್ಲವಲ್ಲ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಎಡಕ್ಕೇ ಬಾಗಿದ್ದರೆ ನಡುವೆಯೂ ಅದೇ ತಿರುವು ಅಂತ ಎಳೆಯುತ್ತೇನೆ. ಗೂಗಲ್ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ, ಕಾಪಿರೈಟ್ ತಕರಾರು.

ಸಂಜೆ ಚಿಕ್ಕಪ್ಪ ಬಂದರು. ಮೀಟರ್ ಗೇಜ್ (ಈಗಿನದಕ್ಕಿಂತ ಕಿರಿದಾದ ಹಳೆಯ ಹಳಿ) ಕಾಲದಲ್ಲೇ ಈ ಘಟ್ಟದಲ್ಲಿ ಕೀಮ್ಯಾನ್, ಅಂದರೆ ನಡೆದುಕೊಂಡೇ ಹಳಿ ತಪಾಸಣೆ ಮಾಡುವ ಕೆಲಸದಲ್ಲಿ ಇದ್ದವರು. ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಹತ್ತಿರ ಬಗ್ಗಿದರು.

"ಏನಮ್ಮ ಇದು, ಬರೀ ಗೆರೆ?"

"ನಿಮ್ಮ ಲೈನೇ ಚಿಕ್ಕಪ್ಪ. ಸೇತುವೆ 109 ಅಂತಾರೆ, ಕೆಲವರು ಅದರ ಎರಡರಷ್ಟು ಹೇಳ್ತಾರೆ. ಯಾವುದು ಸರಿ?"

"ದೊಡ್ಡವು ಮಾತ್ರಾನಾ, ಮೋರಿನೂ ಸೇರಿಸಿನಾ?"

ರೈಲ್ವೆ ಲೆಕ್ಕದಲ್ಲಿ ಮೋರಿಯೂ ಬ್ರಿಡ್ಜೇ. ನೀರು ಹೋಗುವ ಜಾಗ ಒಟ್ಟು 18 ಮೀಟರ್ ಇದ್ದರೆ, ಇಲ್ಲವೇ ಒಂದೇ ಕಂಡಿ 12 ಮೀಟರ್ ಇದ್ದರೆ ಮೇಜರ್. ಉಳಿದದ್ದೆಲ್ಲ ಮೈನರ್. ಎಷ್ಟೇ ಚಿಕ್ಕದಾದರೂ ಅದಕ್ಕೊಂದು ನಂಬರ್ ಇರುತ್ತದೆ, ನಂಬರ್ ಜೊತೆ ಒಂದು ಬಾಣ. ಆ ಬಾಣ ನಾನೂ ನೋಡಿದ್ದೆ. ಗಾಡಿ ಹೋಗುವ ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ನೀರು ಹರಿಯುವ ದಿಕ್ಕು ಅದು.

"ನೀರು ಹಾಕಿದೀಯಾ ಇದರಲ್ಲಿ?"

"ಕೆಂಪುಹೊಳೆ ಇದೆ ನೋಡಿ. ದೊಡ್ಡ ಹಳ್ಳಗಳೂ ಇವೆ."

"ಹೊಳೆ ಬಿಡು. ಮೋರಿಗೆ ಬರೋ ನೀರು?"

ಇಲ್ಲ. ಅಷ್ಟು ಸಣ್ಣದನ್ನು ಯಾರು ಎಳೆಯುತ್ತಾರೆ? ಚಿಕ್ಕಪ್ಪನಿಗೆ ಬೇಕಿದ್ದದ್ದೇ ಅದು. ಮಳೆಗಾಲದ ರಾತ್ರಿ ಗಸ್ತಿನಲ್ಲಿ ಲಾಟೀನು, ಪಟಾಕಿ ಹಿಡಿದು ನಡೆಯುವಾಗ ಅವರು ಹಳಿಗಿಂತ ಜಾಸ್ತಿ ನೋಡುತ್ತಿದ್ದದ್ದು ಮೋರಿಯನ್ನಂತೆ. (ಪಟಾಕಿ ಅಂದರೆ ದೀಪಾವಳಿಯದ್ದಲ್ಲ. ಹಳಿ ಮೇಲೆ ಕಟ್ಟಿದರೆ ಚಕ್ರದಡಿ ಢಂ ಅಂದು ಡ್ರೈವರ್‌ಗೆ ಅಪಾಯ ತಿಳಿಸುವಂಥದ್ದು.) "ಮೇಲಿಂದ ಜೋರಾಗಿ ಬಂದು ಕೆಳಗೆ ಕಮ್ಮಿ ಹೋಗ್ತಿದ್ರೆ ನಡುವೆ ಮಣ್ಣು ಕುಡೀತಿದೆ ಅಂತ ಲೆಕ್ಕ. ತಿಳಿಯಾಗಿದ್ದ ನೀರು ಸುಮ್ಸುಮ್ನೆ ಕೆಂಪಾದ್ರೂ ಅಷ್ಟೇ. ಅಲ್ಲೇ ನಿಂತ್ಕೋಬೇಕು, ಮುಂದೆ ಹೋಗಬಾರದು."

ಈ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯಡಿಯ ಮಣ್ಣು ಜಾರಿ ಎಷ್ಟೋ ದಿನ ರೈಲು ನಿಂತಿತ್ತಲ್ಲ. ಆ ಜಾಗಕ್ಕೆ ಬಂದಾಗ ಚಿಕ್ಕಪ್ಪ ಪರದೆ ಮೇಲೆ ಬೆರಳಿಟ್ಟು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕಾಫಿ ಕೇಳಿದರು.

ನನ್ನ ತಲೆ ತಿನ್ನುತ್ತಿರುವುದು ಇನ್ನೊಂದು. ಎಡಕುಮೇರಿ ಸ್ಟೇಷನ್‌ಗೆ ಸರಿಯಾದ ರಸ್ತೆ ಇಲ್ಲ. ನಕ್ಷೆಯಲ್ಲಿ ಅದು ಕಾಡಿನ ನಡುವೆ ಒಂಟಿ ಚುಕ್ಕೆ. ಹಳಿ ಪಕ್ಕದಲ್ಲಿ ಕಾಲುದಾರಿ ಇರುವುದು ನಿಜ, ಹಳಿ ನೋಡಿಕೊಳ್ಳುವ ಗ್ಯಾಂಗ್‌ನವರು ದಿನಾ ನಡೆಯುತ್ತಾರೆ. ಇರುವುದನ್ನು ಇದ್ದ ಹಾಗೆ ಹಾಕು ಅನ್ನುವುದು ಈ ನಕ್ಷೆಯ ನಿಯಮ. ಆದರೆ ನಾನು ಎಳೆದ ಮರುದಿನವೇ ಯಾವುದೋ ಆ್ಯಪ್ "ಇಲ್ಲಿ ನಡೆಯಿರಿ" ಅಂದರೆ? ಹಳಿ ಮೇಲೆ ಚಾರಣ ನಿಷೇಧ ಅಂತ ಗೊತ್ತಿದ್ದೂ ಹೋಗುವವರಿಗೆ ಕಡಿಮೆಯೇನಿಲ್ಲ. 1996ರಲ್ಲಿ ಮೀಟರ್ ಗೇಜ್ ನಿಂತ ಮೇಲೆ 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್ ಗಾಡಿ ಶುರುವಾಗಿದ್ದು. ನಡುವಿನ ಆ ಖಾಲಿ ವರ್ಷಗಳಲ್ಲಿ ನಡೆದವರ ಕಥೆ ಕೇಳಿಕೊಂಡು ಈಗಲೂ ಹುಡುಗರು ಹೊರಡುತ್ತಾರೆ.

"ನಾವು ಡ್ಯೂಟಿ ಅಂತ ನಡೆದಿದ್ದು ಕಣಮ್ಮ. ದಾರಿ ಅಂತ ಅಲ್ಲ," ಅಂದರು ಚಿಕ್ಕಪ್ಪ. ಸುರಂಗದೊಳಗೆ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲವಂತೆ. ಗೋಡೆಯಲ್ಲಿ ಒಬ್ಬರು ಒತ್ತಿಕೊಂಡು ನಿಲ್ಲುವಷ್ಟು ಗೂಡು ಬಿಟ್ಟಿರುತ್ತಾರೆ. ಅದು ಎಷ್ಟು ಹೆಜ್ಜೆಗೆ ಸಿಗುತ್ತದೆ ಅಂತ ದಿನಾ ನಡೆಯುವವರ ಕಾಲಿಗೆ ಗೊತ್ತು. ಬ್ಯಾಗ್ ಹೊತ್ತು ಬಂದವರಿಗೆ?

"ಪ್ರವೇಶ ಇಲ್ಲ" ಅಂತ ಗುರುತು ಹಾಕಿ ಎಳೆಯಬಹುದು. ಅದನ್ನು ಎಲ್ಲ ಆ್ಯಪ್‌ಗಳೂ ಗೌರವಿಸುತ್ತವೆ ಅನ್ನುವ ನಂಬಿಕೆ ನನಗಿಲ್ಲ. ಎಳೆಯದೇ ಬಿಟ್ಟರೆ ಇನ್ಯಾರೋ ಆ ಗುರುತೂ ಹಾಕದೆ ಎಳೆಯುತ್ತಾರೆ. ಹಾಗಾಗಿ ನಾನೇ ಎಳೆದುಬಿಡುವುದು ವಾಸಿಯೇನೋ. ಇಲ್ಲ, ಇವತ್ತು ಬೇಡ.

ಚಿಕ್ಕಪ್ಪ ಹೋಗುವ ಮುಂಚೆ ಸಿರಿಬಾಗಿಲಿನ ಕೆಳಗೆ ಒಂದು ಜಾಗ ತೋರಿಸಿದರು. ನಕ್ಷೆಯಲ್ಲಿ ಅಲ್ಲಿರುವುದು ಒಂದೇ ಉದ್ದದ ಸುರಂಗ. ಅಲ್ಲ, ಎರಡು, ನಡುವೆ ಒಂದು ಮೋರಿ ಇದೆ ಅನ್ನುತ್ತಾರೆ ಅವರು. ಜಿಪಿಎಸ್ ಗೆರೆಯಲ್ಲೂ ಅಲ್ಲೊಂದು ಒಂಟಿ ಚುಕ್ಕೆ ಬಿದ್ದಿದೆ. ಅದನ್ನು ನಾನು ಕಸ ಅಂದುಕೊಂಡು ಅಳಿಸುವುದರಲ್ಲಿದ್ದೆ. ಮುಂದಿನ ಸಲ ಇಳಿಯುವಾಗ ಎಡಗಡೆ ಕಿಟಕಿ ಸಿಕ್ಕಿದರೆ ವಿಡಿಯೋ ಮಾಡಬೇಕು, ಬಾಣ ಯಾವ ಕಡೆಗಿದೆ ಅಂತಲೂ ನೋಡಬೇಕು.