ಮಟನ್ ಅಂಗಡಿಗೆ ಫಾರ್ಮಲಿನ್ ಬಾಟಲಿ

ಸೂಕ್ಷ್ಮದರ್ಶಕದಲ್ಲಿ ನೋಡಲು ಕುರಿಯ ಯಕೃತ್ತು ಬೇಕೆಂದರೆ ನಸುಕಿನಲ್ಲೇ ಎದ್ದು, ಅಂಗಾಂಶ ಕೆಡದಂತೆ ಹಿಡಿದಿಡುವ ಫಾರ್ಮಲಿನ್ ದ್ರಾವಣದ ಬಾಟಲಿ ಹಿಡಿದು, ಬಳ್ಳಾರಿಯ ಕೌಲ್ ಬಜಾರಿನ ಮಟನ್ ಅಂಗಡಿ ಮುಂದೆ ನಿಲ್ಲಬೇಕು. ನಮ್ಮ ಪ್ರಾಣಿಶಾಸ್ತ್ರದ ಸರ್ ಮಾಡಿದ್ದ ನಿಯಮ ಇದು. ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ತಂದ ತುಂಡನ್ನು ಅವರು ಮುಟ್ಟುತ್ತಲೇ ಇರಲಿಲ್ಲ. "ರಕ್ತ ನಿಂತ ಕೂಡ್ಲೇ ಜೀವಕೋಶ ತನ್ನನ್ನ ತಾನ ತಿನ್ನಾಕ ಶುರು ಮಾಡ್ತೈತಿ. ಅಲ್ಲೇ ಸಣ್ಣಗ ಹೆಚ್ಚಿ ಬಾಟಲ್ಯಾಗ ಹಾಕ್ರಿ," ಎನ್ನುತ್ತಿದ್ದರು. ಅಂಗಡಿಯವರಿಗೂ ಅಭ್ಯಾಸವಾಗಿತ್ತು. ನಮ್ಮನ್ನು ಕಂಡರೆ ಬೇರೆ ಗಿರಾಕಿಗಳನ್ನು ನಿಲ್ಲಿಸಿ ಮೊದಲು ನಮಗೆ ಕೊಡುತ್ತಿದ್ದರು.

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಬಿಸಿಲಿಗೆ, ತುಂಡನ್ನು ಹುದುಗಿಸಿಟ್ಟ ಪ್ಯಾರಾಫಿನ್ ಮೇಣದ ಬ್ಲಾಕ್ ಮೆತ್ತಗಾಗುತ್ತಿತ್ತು. ಬ್ಲಾಕನ್ನು ತೆಳುವಾಗಿ ಕತ್ತರಿಸುವ ಯಂತ್ರ ಮೈಕ್ರೋಟೋಮಿನ ಚಕ್ರ ತಿರುವಿದರೆ ಸೆಕ್ಷನ್‌ಗಳು, ಅಂದರೆ ತೆಳು ಪದರುಗಳು, ಸಾಲಾಗಿ ರಿಬ್ಬನ್ನಿನಲ್ಲಿ ಬರದೆ ಸುಕ್ಕುಗಟ್ಟಿ ಚಾಕುವಿಗೆ ಅಂಟುತ್ತಿದ್ದವು. ಆಗ ಅಟೆಂಡರ್ ತಾತ ಸೋಡಾ ಅಂಗಡಿಯಿಂದ ಐಸ್ ತಂದು ಬ್ಲಾಕಿಗೆ ಒತ್ತಿ ಹಿಡಿಯುತ್ತಿದ್ದರು. "ಈಗ ತಿರುವಪ್ಪ, ನಿಧಾನ, ನಡುವ ನಿಲ್ಲಿಸಬ್ಯಾಡ." ಅವರು ಓದಿದ್ದು ಎಷ್ಟೋ ಗೊತ್ತಿಲ್ಲ, ಆದರೆ ಐದು ಮೈಕ್ರೋಮೀಟರ್ ದಪ್ಪದ ಸೆಕ್ಷನ್ ತೆಗೆಯುವುದರಲ್ಲಿ ಅವರಷ್ಟು ಹಿಡಿತವಿದ್ದ ಕೈಯನ್ನು ನಾನು ಮುಂದೆ ದೊಡ್ಡ ಸಂಸ್ಥೆಗಳಲ್ಲೂ ಹೆಚ್ಚು ಕಂಡಿಲ್ಲ. ಮೊಟ್ಟೆಯ ಬಿಳಿ ಸವರಿದ ಸ್ಲೈಡಿಗೆ ಸೆಕ್ಷನ್ ಹತ್ತಿಸಿ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದರೆ ನ್ಯೂಕ್ಲಿಯಸ್ ನೀಲಿಯಾಗಿ, ಉಳಿದದ್ದು ಗುಲಾಬಿಯಾಗಿ ಕಾಣುತ್ತಿತ್ತು. ಆ ಗುಲಾಬಿಯೊಳಗೆ ಏನಿದೆ ಎಂದು ಕೇಳಿದರೆ ಸರ್ ಬೋರ್ಡಿನ ಮೇಲೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಬರೆದು, ಒಳಪೊರೆಯ ಮಡಿಕೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಬಳ್ಳಾರಿಯಲ್ಲಿ ಕೂತು ಅದನ್ನು ನೋಡುವ ಸಾಧನ ನಮಗಿರಲಿಲ್ಲ.

1986ರ ಅಕ್ಟೋಬರಿನಲ್ಲಿ ಅವರು ಪತ್ರಿಕೆ ಹಿಡಿದುಕೊಂಡೇ ತರಗತಿಗೆ ಬಂದರು. ಅರ್ನ್ಸ್ಟ್ ರುಸ್ಕಾಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಮ್ಯಾಕ್ಸ್ ನೋಲ್ ಜೊತೆ ಸೇರಿ ಬರ್ಲಿನ್ನಿನಲ್ಲಿ ಅವರು ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ್ದು 1931ರಲ್ಲಿ. ಪಾಠ ಬಿಟ್ಟು ಇಡೀ ಅವಧಿ ಅದನ್ನೇ ಹೇಳಿದರು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರ್) ಹತ್ತಿರವಿರುವ ಎರಡು ಚುಕ್ಕಿಗಳು ಒಂದೇ ಆಗಿ ಕಾಣುತ್ತವೆ, ಗಾಜನ್ನು ಎಷ್ಟು ನಯವಾಗಿ ಉಜ್ಜಿದರೂ ಅಷ್ಟೇ. ಎಲೆಕ್ಟ್ರಾನಿನ ತರಂಗ ಅದಕ್ಕಿಂತ ಸಾವಿರಾರು ಪಟ್ಟು ಚಿಕ್ಕದು, ಅದನ್ನು ಬಾಗಿಸುವುದು ಗಾಜಲ್ಲ, ಕಾಂತಕ್ಷೇತ್ರ. ನನ್ನ ಜೀವನ ಯಾವ ಕಡೆ ಹೋಗಬೇಕೆಂದು ತೀರ್ಮಾನವಾದದ್ದು ಆ ಒಂದು ಗಂಟೆಯಲ್ಲಿ.

ಮುಂದೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಿವೃತ್ತಿಯವರೆಗೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸವನ್ನೇ ಮಾಡಿದೆ. ನೋಡಲು ಬಂದವರೆಲ್ಲ ಕತ್ತಲೆ ಕೋಣೆಯ ಯಂತ್ರದ ಎದುರು ನಿಂತು ಬೆರಗಾಗುತ್ತಿದ್ದರು. ನನಗೆ ಮಾತ್ರ ತುಂಡುಗಳನ್ನು ತಯಾರು ಮಾಡುವ ಪಕ್ಕದ ಸಣ್ಣ ಕೋಣೆಯೇ ಮುಖ್ಯ. ಅಂಗಾಂಶದ ತುಂಡು ಒಂದು ಮಿಲಿಮೀಟರಿಗಿಂತ ದೊಡ್ಡದಿರಬಾರದು. ದೊಡ್ಡದಾದರೆ, ಫಾರ್ಮಲಿನ್ನಿನಂತೆ ಕೋಶವನ್ನು ಕೆಡದಂತೆ ಹಿಡಿದಿಡುವ (ಫಿಕ್ಸ್ ಮಾಡುವ) ಗ್ಲುಟರಾಲ್ಡಿಹೈಡ್ ನಡುವಿನವರೆಗೆ ಇಳಿಯುವಷ್ಟರಲ್ಲಿ ಅಲ್ಲಿನ ಮೈಟೊಕಾಂಡ್ರಿಯಗಳು ಉಬ್ಬಿಹೋಗಿರುತ್ತವೆ. ಆಮೇಲೆ ಆಸ್ಮಿಯಮ್ ಟೆಟ್ರಾಕ್ಸೈಡ್. ಪೊರೆಗಳ ಕೊಬ್ಬನ್ನು ಹಿಡಿದು ತುಂಡನ್ನೆಲ್ಲ ಕಪ್ಪಾಗಿಸುವ ಈ ರಾಸಾಯನಿಕದ ಆವಿ ಕಣ್ಣಿಗೆ ಬಹಳ ಅಪಾಯಕಾರಿ. ನಂತರ ಆಲ್ಕೋಹಾಲಿನಲ್ಲಿ ಹಂತಹಂತವಾಗಿ ನೀರು ತೆಗೆದು ಎಪಾಕ್ಸಿ ರೆಸಿನ್ನಿನಲ್ಲಿ ಹುದುಗಿಸಿ, ಅರವತ್ತು ಡಿಗ್ರಿಯ ಓವನ್ನಿನಲ್ಲಿ ಗಟ್ಟಿ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್ ಅಂಟು ಇದೇ ಜಾತಿಯದು.

ಕತ್ತರಿಸುವುದಕ್ಕೆ ದಪ್ಪ ಗಾಜನ್ನು ಓರೆಯಾಗಿ ಸೀಳಿದ ಚಾಕು, ಇಲ್ಲವೇ ಲಕ್ಷಗಟ್ಟಲೆ ಬೆಲೆಯ ವಜ್ರದ ಚಾಕು. ಸೆಕ್ಷನ್ 70 ನ್ಯಾನೋಮೀಟರ್ ಆಸುಪಾಸು ಇರಬೇಕು, ಅಂದರೆ ನಮ್ಮ ಮೇಣದ ಸೆಕ್ಷನ್ನಿಗಿಂತ ಸುಮಾರು ಎಪ್ಪತ್ತು ಪಟ್ಟು ತೆಳು. ಅದನ್ನು ಅಳೆಯುವುದು ಕಣ್ಣೇ: ಚಾಕುವಿನ ಹಿಂದಿನ ಪುಟ್ಟ ತೊಟ್ಟಿಯ ನೀರಿನ ಮೇಲೆ ತೇಲುವಾಗ ಬೆಳ್ಳಿಯ ಬಣ್ಣ ಕಂಡರೆ ಸರಿ, ಬಂಗಾರದ ಬಣ್ಣವಾದರೆ ಸ್ವಲ್ಪ ದಪ್ಪ, ನೇರಳೆಯಾದರೆ ಬಿಡಬೇಕು. ಸೆಕ್ಷನ್‌ಗಳನ್ನು ಒಟ್ಟುಗೂಡಿಸಲು ಕಡ್ಡಿಯ ತುದಿಗೆ ಅಂಟಿಸಿದ ಕಣ್ಣಿನ ರೆಪ್ಪೆಗೂದಲೇ ಇಂದಿಗೂ ಒಳ್ಳೆಯ ಸಾಧನ. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತವೆ. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಅವನ್ನೆತ್ತಿಕೊಂಡು ಯುರೇನಿಯಂ, ಸೀಸದ ಲವಣಗಳಲ್ಲಿ ಅದ್ದುತ್ತೇವೆ. ಈ ಭಾರದ ಲೋಹಗಳು ಎಲೆಕ್ಟ್ರಾನುಗಳನ್ನು ಚದುರಿಸುವುದರಿಂದಲೇ ಚಿತ್ರದಲ್ಲಿ ಕಪ್ಪು ಬಿಳುಪು ಮೂಡುತ್ತದೆ.

ಒಮ್ಮೆ ಇಲಿಯ ಯಕೃತ್ತಿನ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿಕೊಂಡು ಸರ್ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೋರ್ಡಿನ ಮೇಲೆ ಅವರು ವರ್ಷವರ್ಷವೂ ಎಳೆದಿದ್ದ ಮಡಿಕೆಗಳೆಲ್ಲ ಅಲ್ಲಿದ್ದವು. ಹೊಗಳಲಿಲ್ಲ. "ಎಷ್ಟು ನಿಮಿಷದಾಗ ಫಿಕ್ಸ್ ಮಾಡಿದಿ?" ಎಂದು ಕೇಳಿದರು. ಚಿತ್ರದ ಹಣೆಬರಹ ಆ ಮೊದಲ ನಿಮಿಷಗಳಲ್ಲೇ ಬರೆದಾಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಾನು ಹೆಚ್ಚು ನೋಡಿದ್ದು ಮೂತ್ರಪಿಂಡದ ಬಯಾಪ್ಸಿಗಳನ್ನು, ಅಂದರೆ ಸೂಜಿ ಚುಚ್ಚಿ ತೆಗೆದ ಸಣ್ಣ ತುಂಡುಗಳನ್ನು. ಮುಖ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಸೋರುವ ಕೆಲವು ಮಕ್ಕಳ ಬಯಾಪ್ಸಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತರದರಂತೆಯೇ ಕಾಣುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಸಂಗತಿ ಬೇರೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪೊರೆಯ ಹೊರಗೆ, ಅದನ್ನು ಹೊದ್ದಿರುವ ಪೋಡೋಸೈಟ್ ಕೋಶಗಳ ಪಾದಗಳು ಎರಡು ಕೈಗಳ ಬೆರಳು ಹೆಣೆದಂತೆ ಇರಬೇಕಾದಲ್ಲಿ ಅವು ಚಪ್ಪಟೆಯಾಗಿ ಕೂಡಿಕೊಂಡಿರುತ್ತವೆ. ಆಲ್ಪೋರ್ಟ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಆ ಪೊರೆಯೇ ಕೆಲವೆಡೆ ತೆಳುವಾಗಿ, ಕೆಲವೆಡೆ ಪದರು ಪದರಾಗಿ ಸೀಳಿರುತ್ತದೆ. ಈ ಕಾಯಿಲೆಯಲ್ಲಿ ಕಿವಿಯೂ ಮಂದವಾಗಬಹುದಾದ್ದರಿಂದ ಅದನ್ನು ಕಂಡರೆ ವೈದ್ಯರು ಮಗುವಿನ ಕಿವಿಯನ್ನೂ ಪರೀಕ್ಷಿಸುತ್ತಾರೆ, ಒಡಹುಟ್ಟಿದವರನ್ನೂ ಕರೆಸುತ್ತಾರೆ. ದೂರದ ಜಿಲ್ಲೆಗಳಿಂದ ಬರುವ ಬಾಟಲಿಗಳಲ್ಲಿ ಕೆಲವು ಐಸಿಗೆ ತಾಗಿ ಹೆಪ್ಪುಗಟ್ಟಿ ಬರುತ್ತಿದ್ದವು. ಹಾಗಾದರೆ ಮಂಜಿನ ಹರಳುಗಳು ಕೋಶಗಳನ್ನು ಒಡೆದುಹಾಕಿರುತ್ತವೆ, ಮಗುವಿಗೆ ಮತ್ತೆ ಸೂಜಿ ಚುಚ್ಚಬೇಕಾಗಬಹುದು. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ. ಬಾಟಲಿಯನ್ನು ತಣ್ಣಗಿಡಬೇಕು, ಹೆಪ್ಪುಗಟ್ಟಿಸಬಾರದು. ಆಸ್ಪತ್ರೆಗಳ ಲ್ಯಾಬುಗಳಲ್ಲಿ ಕೆಲಸಕ್ಕೆ ಸೇರಿರುವ ನಮ್ಮ ಕಾಲೇಜಿನ ಮಕ್ಕಳು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ.

ಕಬ್ಬಿಣದ ಅದಿರಿನ ಗಣಿಗಳಿರುವ ಸಂಡೂರು, ಹೊಸಪೇಟೆ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಶ್ವಾಸಕೋಶದ ಕೋಶದೊಳಗೆ ಸಿಕ್ಕಿಕೊಂಡ ಧೂಳಿನ ಕಣದ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು, ಹೊರಬರುವ ಎಕ್ಸ್‌-ರೇ ಅಳೆದರೆ ಅದರಲ್ಲಿರುವುದು ಕಬ್ಬಿಣವೋ ಸಿಲಿಕಾನೋ ಹೇಳಬಹುದು. ಅದಿರಿನ ಲಾರಿಗಳ ಹಿಂದೆ ಬೆಳೆದ ಮಕ್ಕಳಲ್ಲಿ ಯಾರಾದರೂ ಇದನ್ನು ಓದಲಿ ಎಂದು ನನಗೆ ಬಹಳ ಆಸೆ.

ಹೋದ ಸಲ ಕಾಲೇಜಿಗೆ ಬಂದಾಗ ಹಳೆಯ ಮೈಕ್ರೋಟೋಮ್ ಬೀರುವಿನಲ್ಲಿತ್ತು. ಚಕ್ರ ತಿರುಗುತ್ತದೆ, ಎಣ್ಣೆ ಬಿಟ್ಟರೆ ಸಾಕು. ಹಳೆಯ ಚಾಕುವಿನ ಬದಲು ಬಿಸಾಡುವ ಬ್ಲೇಡ್ ಹಾಕುವ ಹಿಡಿಕೆ ಕೊಂಡುಕೊಂಡರೆ ಸಾಣೆಯ ತಾಪತ್ರಯವೂ ಇರುವುದಿಲ್ಲ. ಅದರ ಖರ್ಚು ನನ್ನದು. ಡಿಸೆಂಬರಿನಲ್ಲಿ, ಮೇಣ ಗಟ್ಟಿಯಾಗಿರುವಾಗ, ವಾರಗಟ್ಟಲೆ ಬಂದು ಕೂತು ಮಕ್ಕಳಿಗೆ ಸೆಕ್ಷನ್ ತೆಗೆಯುವುದನ್ನು ಕಲಿಸಲು ನಾನು ಸಿದ್ಧನಿದ್ದೇನೆ. ವಿಭಾಗದವರು ತಿಳಿಸಿದರೆ ಸಾಕು.