ಆ ಗುಡ್ಡದಲ್ಲಿ ನನ್ನ ಅಳತೆಯ ತೂತು

"ಜಪಾನಿನ ದೆವ್ವದ ಮಾಂಗಾ ಓದ್ತೀಯಲ್ಲ, ರಾತ್ರಿ ನಿದ್ದೆ ಬರುತ್ತಾ?" ನನ್ನ ಪುಸ್ತಕದ ಕಪಾಟು ನೋಡಿದವರೆಲ್ಲ ಇದನ್ನು ಕೇಳುತ್ತಾರೆ. ನಿದ್ದೆ ಬರುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಮೂವತ್ತು ಪುಟದ ಚಿತ್ರಕಥೆ, ಕಾಫಿ ಆರೋದರೊಳಗೆ ಓದಿ ಮುಗಿಯುತ್ತೆ, ಅದು ವರ್ಷಗಟ್ಟಲೆ ತಲೆಯಿಂದ ಹೋಗಲ್ಲ ಅಂತೀಯಲ್ಲ, ಅಂಥದ್ದೇನಿದೆ ಅದರಲ್ಲಿ?

ಇದಕ್ಕೆ ಒಂದು ಕಥೆಯನ್ನೇ ಹೇಳಬೇಕು. ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಬರೆಯುವ ಜುಂಜಿ ಇತೋ ಅವರ 'ಅಮಿಗಾರ ಬಿರುಕಿನ ರಹಸ್ಯ'. 'ಗ್ಯೋ' ಅನ್ನುವ ದೊಡ್ಡ ಕಥೆಯ ಪುಸ್ತಕದ ಹಿಂಬದಿಗೆ ಸೇರಿಸಿದ ಸಣ್ಣ ಕಥೆ ಇದು. ಕೊನೆಯನ್ನೂ ಹೇಳುತ್ತೇನೆ. ಮೊದಲು ಓದಬೇಕು ಅನ್ನುವವರು ಓದಿಕೊಂಡು ಬನ್ನಿ.

ಭೂಕಂಪ ಆಗಿ ಅಮಿಗಾರ ಗುಡ್ಡ ಸೀಳಿದೆ. ಒಳಗಿದ್ದ ಬಂಡೆಯ ಗೋಡೆ ಹೊರಗೆ ಕಾಣಿಸಿಕೊಂಡಿದೆ. ಗೋಡೆಯ ತುಂಬ ತೂತುಗಳು. ಒಂದೊಂದೂ ನಿಂತ ಮನುಷ್ಯನ ಆಕಾರ: ತಲೆ, ಹೆಗಲು, ಕೈ, ಕಾಲು. ಟಿವಿಯಲ್ಲಿ ಸುದ್ದಿ ನೋಡಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಲ್ಲೊಬ್ಬ "ಇದು ನನ್ನ ತೂತು, ನನಗಾಗಿಯೇ ಕೊರೆದದ್ದು" ಅನ್ನುತ್ತಾನೆ. ಬಟ್ಟೆ ಕಳಚಿ ಒಳಗೆ ನುಗ್ಗುತ್ತಾನೆ. ಸಂಕ್ರಾಂತಿಯ ಅಚ್ಚಿನಲ್ಲಿ ಸಕ್ಕರೆ ಪಾಕ ಕೂರುತ್ತಲ್ಲ, ಹಾಗೆ ಕೂತುಬಿಡುತ್ತಾನೆ. ಮತ್ತೆ ಹೊರಗೆ ಬರೋದಿಲ್ಲ. ಆ ತೂತಿನಲ್ಲಿ ಹಿಂದಕ್ಕೆ ಸರಿಯೋಕೆ ಆಗೋದಿಲ್ಲ. ಮುಂದಕ್ಕೆ ಮಾತ್ರ.

ಯೋಶಿದಾ ಅನ್ನುವ ಹುಡುಗಿಯೂ ತನ್ನ ತೂತು ಹುಡುಕುತ್ತಿದ್ದಾಳೆ. ಸಿಗುತ್ತದೆ. ನಡುಗಿಹೋಗುತ್ತಾಳೆ. ಜೊತೆಗಿದ್ದ ಒವಾಕಿ ಅದಕ್ಕೆ ಕಲ್ಲು ತುಂಬಿ ಮುಚ್ಚುತ್ತಾನೆ. ರಾತ್ರಿ ಎಚ್ಚರವಾಗಿ ನೋಡಿದರೆ ಅವಳಿಲ್ಲ. ಅವಳನ್ನು ಹುಡುಕಿಕೊಂಡು ಹೋದವನ ಕಣ್ಣಿಗೆ ಅವನದೇ ತೂತು ಬೀಳುತ್ತದೆ. ಅವನೂ ಬಟ್ಟೆ ಕಳಚುತ್ತಾನೆ. ತಿಂಗಳುಗಳು ಕಳೆದ ಮೇಲೆ ಗುಡ್ಡದ ಆಚೆ ಬದಿಯಲ್ಲಿ ಇನ್ನೊಂದು ಬಿರುಕು ಸಿಗುತ್ತದೆ. ಅಲ್ಲೂ ತೂತುಗಳು, ಆದರೆ ಹಿಟ್ಟು ಎಳೆದು ತಿರುಚಿದಂಥ ಆಕಾರದವು. ಟಾರ್ಚ್ ಬಿಟ್ಟು ನೋಡುತ್ತಾರೆ. ಒಳಗಿನಿಂದ ಏನೋ ಒಂದು ನಿಧಾನವಾಗಿ ಈ ಕಡೆಗೆ ಸರಿದು ಬರುತ್ತಿದೆ. ಕಥೆ ಅಲ್ಲಿಗೆ ಮುಗಿಯಿತು.

ಅಕ್ಕನ ಮಗಳಿಗೆ ಇದನ್ನು ಓದಲು ಕೊಟ್ಟಿದ್ದೆ. "ಚಿಕ್ಕಮ್ಮ, ಇದರಲ್ಲಿ ದೆವ್ವಾನೇ ಇಲ್ವಲ್ಲ! ತೂತು ಕೊರೆದೋರು ಯಾರು ಅಂತಾನೂ ಸರಿಯಾಗಿ ಹೇಳಿಲ್ಲ" ಅಂತ ಪುಸ್ತಕ ವಾಪಸ್ ಕೊಟ್ಟಳು. ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಚಿಕ್ಕಮ್ಮ, ಆ ಹುಡುಗಿ ಯಾಕೆ ಮನೆಗೆ ಹೋಗಲಿಲ್ಲ? ಯಾರೂ ಹಿಡ್ಕೊಂಡಿರಲಿಲ್ವಲ್ಲ, ಸುಮ್ನೆ ಬಸ್ ಹತ್ತಿ ಹೋಗಬಹುದಿತ್ತು ಅಲ್ವಾ?"

ನನ್ನ ಉತ್ತರ ಅವಳ ಈ ಪ್ರಶ್ನೆಯಲ್ಲೇ ಇದೆ. ಆ ಕಥೆಯಲ್ಲಿ ಯಾರನ್ನೂ ಯಾರೂ ಅಟ್ಟಿಸಿಕೊಂಡು ಬರೋದಿಲ್ಲ. ತೂತು ಸುಮ್ಮನೆ ಇದೆ. ಹೋಗುವವರು ತಾವಾಗಿಯೇ ಹೋಗುತ್ತಾರೆ, ಹೆದರಿಕೊಂಡೇ ಹೋಗುತ್ತಾರೆ.

ನಾವು ಕೇಳಿ ಬೆಳೆದ ದೆವ್ವಗಳು ಹೀಗಲ್ಲ. ಅವಕ್ಕೆ ಒಂದು ಕಾರಣ ಇರುತ್ತದೆ: ತೀರದ ಆಸೆ, ಯಾರೋ ಮಾಡಿದ ಮೋಸ. ಕಾರಣ ಇದ್ದಮೇಲೆ ಪರಿಹಾರವೂ ಇರುತ್ತದೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೂ ಸಾಕು, ಬಂದದ್ದು ಓದಿಕೊಂಡು ವಾಪಸ್ ಹೋಗುತ್ತದೆ. ಜಪಾನಿನ ಹಳೆಯ ದೆವ್ವಗಳಿಗೂ ಕಾರಣ ಇತ್ತು. 1825ರ ಕಬುಕಿ ನಾಟಕದ ಓಇವಾ ಅಲ್ಲಿ ಮನೆಮಾತು. ಗಂಡ ಮಾಡಿದ ಮೋಸಕ್ಕೆ ಸತ್ತು ಸೇಡು ತೀರಿಸಿಕೊಳ್ಳುವವಳು. ಅವಳ ಸಿಟ್ಟು ನಮಗೂ ಅರ್ಥವಾಗುತ್ತದೆ. ತಪ್ಪು ಮಾಡದವರು ಅವಳಿಗೆ ಹೆದರಬೇಕಾಗಿಲ್ಲ. ಅಮಿಗಾರದ ತೂತಿಗೆ ಈ ಲೆಕ್ಕ ಇಲ್ಲ. ಯೋಶಿದಾ ಯಾವ ತಪ್ಪನ್ನೂ ಮಾಡಿರಲಿಲ್ಲ.

ಸಣ್ಣದಾಗಿರೋದೂ ಇಲ್ಲಿ ಬಹಳ ಮುಖ್ಯ. ಇಂಥ ಕಥೆಗಳು ಬೆಳೆದದ್ದು ಪತ್ರಿಕೆಗಳಲ್ಲಿ, ಅದೂ ಹೆಚ್ಚಾಗಿ ಹುಡುಗಿಯರ ಪತ್ರಿಕೆಗಳಲ್ಲಿ. ಕಜುಓ ಉಮೆಜು 1965ರಲ್ಲಿ ಅಂಥದ್ದೇ ಒಂದು ವಾರಪತ್ರಿಕೆಗೆ ಹಾವಿನ ಹೆಂಗಸು ಅಮ್ಮನ ವೇಷದಲ್ಲಿ ಮನೆಗೆ ಬರುವ ಕಥೆ ಬರೆದರು. ಜಪಾನಿನ ಮಕ್ಕಳು ತಮ್ಮ ಅಮ್ಮಂದಿರ ಮುಖವನ್ನೇ ಅನುಮಾನದಿಂದ ನೋಡುವಂಥ ಕಥೆ. ಗಿಫು ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ 1963ರಲ್ಲಿ ಹುಟ್ಟಿದ ಇತೋ, ಅಕ್ಕಂದಿರು ತರಿಸುತ್ತಿದ್ದ ಪತ್ರಿಕೆಗಳಲ್ಲೇ ಉಮೆಜು ಅವರನ್ನು ಓದಿ ಬೆಳೆದರು. ದೊಡ್ಡವರಾಗಿ ಹಲ್ಲಿನ ಸೆಟ್ಟು ಮಾಡುವ ಕೆಲಸಕ್ಕೆ ಸೇರಿ, ಕೊಲೆಯಾದ ಹುಡುಗಿ ಮತ್ತೆ ಮತ್ತೆ ಬದುಕಿ ಬರುವ 'ತೊಮಿಯೆ' ಕಥೆಯನ್ನು ಬಿಡುವಿನಲ್ಲಿ ಬರೆದು 1987ರಲ್ಲಿ 'ಹ್ಯಾಲೋವೀನ್' ಮಾಸಪತ್ರಿಕೆಗೆ ಕಳಿಸಿದರು. ಅದಕ್ಕೆ ಮೆಚ್ಚುಗೆ ಸಿಕ್ಕಿದ್ದು ಉಮೆಜು ಹೆಸರಿನ ಸ್ಪರ್ಧೆಯಲ್ಲಿ. ಉಮೆಜು 2024ರ ಅಕ್ಟೋಬರಿನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತು ನನಗೆ ನಿಜಕ್ಕೂ ಬೇಜಾರಾಗಿತ್ತು.

'ತೊಮಿಯೆ' ಹುಟ್ಟಿದ್ದು ಹೇಗೆ ಅಂತ ಇತೋ ಹೇಳಿದ್ದಾರೆ. ಶಾಲೆಯಲ್ಲಿ ಜೊತೆಗೆ ಓದುತ್ತಿದ್ದ ಹುಡುಗನೊಬ್ಬ ಅಪಘಾತದಲ್ಲಿ ಸತ್ತಿದ್ದ. ನಿನ್ನೆ ಇದ್ದವನು ಇವತ್ತು ಇಲ್ಲ ಅನ್ನೋದು ಇವರ ಮನಸ್ಸಿಗೆ ಹೊಂದಲೇ ಇಲ್ಲ. ಮತ್ತೆ ಕ್ಲಾಸಿಗೆ ಬಂದುಬಿಡುತ್ತಾನೆ ಅನ್ನಿಸುತ್ತಿತ್ತಂತೆ. ಸಾವಿನ ಮನೆಗೆ ಹೋಗಿ ಬಂದ ಯಾರಿಗೆ ಹೀಗೆ ಅನ್ನಿಸಿಲ್ಲ ಹೇಳಿ?

ಪತ್ರಿಕೆಯಲ್ಲಿ ಸಿಗೋದು ಮೂವತ್ತು ಚಿಲ್ಲರೆ ಪುಟ. ಅಷ್ಟರಲ್ಲಿ ಮಂತ್ರವಾದಿಯನ್ನು ಕರೆಸೋಕೆ, ಹಳೆಯ ಪಾಪ ಅಗೆಯೋಕೆ ಜಾಗ ಇಲ್ಲ. ಹಾಗಾಗಿ ಬೇಡದ್ದೆಲ್ಲ ಉದುರಿ ಒಂದೇ ಒಂದು ಯೋಚನೆ ಉಳಿಯುತ್ತದೆ. ಇತೋ ಅವರದೇ 'ದೀರ್ಘ ಕನಸು' ನೋಡಿ. ಆಸ್ಪತ್ರೆಯ ಒಬ್ಬ ರೋಗಿಗೆ ರಾತ್ರಿಯಿಂದ ರಾತ್ರಿಗೆ ಕನಸು ಉದ್ದವಾಗುತ್ತಾ ಹೋಗುತ್ತದೆ. ಒಂದು ರಾತ್ರಿಯಲ್ಲಿ ಒಂದು ವರ್ಷ, ಆಮೇಲೆ ಹತ್ತಾರು, ಆಮೇಲೆ ನೂರಾರು ವರ್ಷ. ಬೆಳಗ್ಗೆ ಎದ್ದಾಗ ಅಷ್ಟನ್ನೂ ಬದುಕಿ ಬಂದಿರುತ್ತಾನೆ. ಅಲ್ಲೇ ಇರುವ ಇನ್ನೊಬ್ಬ ಹುಡುಗಿಗೆ ಸಾವೆಂದರೆ ಹೆದರಿಕೆ. ಡಾಕ್ಟರ್ ಆ ಎರಡನ್ನೂ ಸೇರಿಸಿ ಯೋಚಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಮುಂದಿನದು ಹೇಳಲ್ಲ.

ಇನ್ನು ಪುಟದ ವಿಷಯ. ಜಪಾನಿನ ಪುಸ್ತಕ ನಮಗೆ ಹಿಂದುಮುಂದು, ಬಲದಿಂದ ಎಡಕ್ಕೆ ಓದಬೇಕು. ಎಡಪುಟದ ಕೆಳಗಿನ ಎಡಮೂಲೆಯ ಚೌಕದಲ್ಲಿ ಎಷ್ಟೋ ಸಲ ಒಂದು ಮುಖ ಮಾತ್ರ ಇರುತ್ತದೆ. ಕಣ್ಣು ಅಗಲ, ಬಾಯಿ ಅರ್ಧ ತೆರೆದಿದೆ, ಕೆನ್ನೆಯ ಮೇಲೆ ಕೂದಲೆಳೆಯಂಥ ಸಣ್ಣ ಗೆರೆಗಳು. ಅದು ಏನನ್ನೋ ನೋಡುತ್ತಿದೆ. ನಾವಿನ್ನೂ ನೋಡಿಲ್ಲ. ಪುಟ ತಿರುಗಿಸಿದರೆ ಇಡೀ ಪುಟದ ತುಂಬ ಅದು. ಸಿನಿಮಾದಲ್ಲಾದರೆ ಅದು ತಾನಾಗಿ ಬಂದು ಎದುರು ನಿಲ್ಲುತ್ತದೆ, ನಾವು ಕಣ್ಣು ಮುಚ್ಚಬಹುದು. ಇಲ್ಲಿ ತಿರುಗಿಸೋದು ನಮ್ಮ ಬೆರಳೇ. ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಬಹುದು. ಯಾರೂ ಹಿಡಿದಿಲ್ಲ. ಅಮಿಗಾರವನ್ನು ನಾಲ್ಕನೇ ಸಲ ಓದುವಾಗ ಆ ಬೆರಳನ್ನು ನೋಡಿಕೊಂಡೆ. ಆಗ ಯೋಶಿದಾ ಬಸ್ ಹತ್ತದೆ ಇದ್ದದ್ದು ನನಗೆ ಅರ್ಥವಾಯಿತು.

ಘಾಟಿಯಲ್ಲಿ ಹೋಗುವಾಗ, ರಸ್ತೆಗೆ ಅಂತ ಗುಡ್ಡ ಕಡಿದಿರುವ ಕಡೆ, ನನ್ನ ಕಣ್ಣು ಈಗಲೂ ಆ ಮಣ್ಣಿನ ಗೋಡೆಯ ಮೇಲೆ ಓಡಾಡುತ್ತದೆ. ಅಕ್ಕನ ಮಗಳೂ ಹಾಗೇ ಹುಡುಕುತ್ತಾಳಂತೆ.

"ಹಾಗಾದರೆ ಯಾವುದರಿಂದ ಶುರು ಮಾಡಲಿ?" ಅಂತ ಕೇಳುವವರಿಗೆ: ಅಮಿಗಾರ, ಆಮೇಲೆ 'ದೀರ್ಘ ಕನಸು'. ಆದರೆ ದಿನಕ್ಕೆ ಒಂದೇ ಕಥೆ ಓದಿ. ಸಾಲಾಗಿ ಐದಾರು ಓದಿದರೆ ಒಂದರ ಮೇಲೊಂದು ಬಿದ್ದು ಯಾವುದೂ ನಿಲ್ಲೋದಿಲ್ಲ. ಎದೊ ಕಾಲದಲ್ಲಿ (1603ರಿಂದ 1868ರ ತನಕ) ಜಪಾನಿನವರು ರಾತ್ರಿ ಒಟ್ಟಿಗೆ ಕೂತು ನೂರು ದೆವ್ವದ ಕಥೆ ಹೇಳುವ ಆಟ ಆಡುತ್ತಿದ್ದರು. ನೀಲಿ ಕಾಗದ ಸುತ್ತಿದ ದೀಪದಲ್ಲಿ ನೂರು ಬತ್ತಿ, ಒಂದು ಕಥೆ ಮುಗಿದರೆ ಒಂದು ಬತ್ತಿ ಆರಿಸಬೇಕು. ನೂರೂ ಮುಗಿದರೆ ನಿಜವಾದ ದೆವ್ವವೇ ಬರುತ್ತದೆ ಅಂತ ಹೆದರಿ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ, ಉಳಿದ ಒಂದು ಬತ್ತಿಯ ಬೆಳಕಿನಲ್ಲಿ ಬೆಳಗಾಗುವ ತನಕ ಕೂತಿರುತ್ತಿದ್ದರಂತೆ.