ಮಿರ್-27ಬಿ ಮತ್ತು ಕೊಬ್ಬಿನ ಕೋಶ: ಎರಡನೇ ಸುತ್ತಿನ ಟಿಪ್ಪಣಿ

ಮಿರ್-27ಬಿ (ಜೀನ್‌ಗಳ ಕೆಲಸ ತಗ್ಗಿಸುವ ಒಂದು ಪುಟ್ಟ ಆರ್‌ಎನ್‌ಎ) ಹೆಚ್ಚಿಸಿದ 3ಟಿ3-ಎಲ್1 ಕೋಶಗಳಲ್ಲಿ (ಕೊಬ್ಬಿನ ಕೋಶವಾಗಬಲ್ಲ ಇಲಿಯ ಕೋಶಗಳು) ಎಣ್ಣೆ ಹನಿ ಕಡಿಮೆಯಾಗುತ್ತದೆ. ಇದು ಪಿಪಿಎಆರ್ ಗಾಮಾ (ಕೋಶ ಕೊಬ್ಬಾಗುವುದನ್ನು ನಡೆಸುವ ಮುಖ್ಯ ಪ್ರೋಟೀನ್) ತಗ್ಗಿದ್ದರಿಂದಲೋ, ಟ್ರಾನ್ಸ್‌ಫೆಕ್ಷನ್ (ಆರ್‌ಎನ್‌ಎಯನ್ನು ಕೋಶದೊಳಕ್ಕೆ ಇಳಿಸುವುದು) ತಾಳಲಾರದೆ ಕೋಶಗಳು ಸತ್ತಿದ್ದರಿಂದಲೋ? ಬಣ್ಣ ಹಾಕಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಈ ಸುತ್ತು ಅದನ್ನು ಬೇರ್ಪಡಿಸುವುದಕ್ಕೆ.

ಕೋಶಗಳು: 10% ಕರುವಿನ ಸೀರಮ್ ಇರುವ ಡಿಎಂಇಎಂ (ಕೋಶ ಬೆಳೆಸುವ ಮಾಧ್ಯಮ). ತಟ್ಟೆ 70% ತುಂಬುವ ಮೊದಲೇ ಬಿಡಿಸಿ ಹಂಚಬೇಕು. ಪದೇ ಪದೇ ಪೂರ್ತಿ ತುಂಬಲು ಬಿಟ್ಟ ಕೋಶಗಳು ಆಮೇಲೆ ಎಷ್ಟು ಇನ್ಸುಲಿನ್ ಕೊಟ್ಟರೂ ಸರಿಯಾಗಿ ಕೊಬ್ಬಾಗುವುದಿಲ್ಲ.

ಟ್ರಾನ್ಸ್‌ಫೆಕ್ಷನ್: 12 ಗುಳಿಯ ತಟ್ಟೆ, 30 ನ್ಯಾನೊಮೋಲಾರ್ ಮಿಮಿಕ್ (ಮಿರ್-27ಬಿಯ ಕೃತಕ ನಕಲು), ಆ್ಯಂಟಿಬಯೋಟಿಕ್ ಇಲ್ಲದ ಮಾಧ್ಯಮ, 24 ಗಂಟೆಗೆ ಬದಲಾವಣೆ. ಕೋಶಗಳು ಎಳೆಯವಿದ್ದಾಗಲೇ ಮುಗಿಸಬೇಕು. ಎಣ್ಣೆ ತುಂಬಿದ ಕೋಶದೊಳಕ್ಕೆ ಮಿಮಿಕ್ ಇಳಿಸುವುದು ಬಹಳ ಕಷ್ಟ. ಹೋಲಿಕೆಗೆ ಇಡುವ ಕಂಟ್ರೋಲ್ ಮಿಮಿಕ್‌ನದೂ ಅದೇ ಪ್ರಮಾಣ. ಈ ಸಲ ಹೊಸದಾಗಿ ಸೇರಿಸಿದ್ದು: ಪ್ರತಿ ಗುಂಪಿನಿಂದ ಒಂದು ಗುಳಿ ಬರೀ ಕೋಶಗಳ ಎಣಿಕೆಗೆ.

ದಿನ 0 (ಪೂರ್ತಿ ತುಂಬಿ ಎರಡು ದಿನವಾದ ಮೇಲೆ): 10% ಎಫ್‌ಬಿಎಸ್ (ಭ್ರೂಣ ಕರುವಿನ ಸೀರಮ್) ಇರುವ ಮಾಧ್ಯಮಕ್ಕೆ ಕೊಬ್ಬಾಗಲು ಚಾಲನೆ ಕೊಡುವ ಮೂರು ವಸ್ತುಗಳು: ಐಬಿಎಂಎಕ್ಸ್ 0.5 ಮಿಲಿಮೋಲಾರ್, ಡೆಕ್ಸಾಮೆಥಾಸೋನ್ 1 ಮೈಕ್ರೊಮೋಲಾರ್, ಇನ್ಸುಲಿನ್ ಮಿಲಿಲೀಟರಿಗೆ 10 ಮೈಕ್ರೊಗ್ರಾಂ. ಎಣಿಕೆ ಕಡಿಮೆ ಬಂದ ಗುಂಪನ್ನು ಇಲ್ಲಿಗೇ ಕೈಬಿಡಬೇಕು. ಗುಳಿ ತುಂಬಿ ಬೆಳವಣಿಗೆ ನಿಂತಿರದಿದ್ದರೆ ಕೊಬ್ಬಾಗುವುದು ತಾನಾಗಿಯೇ ಕುಗ್ಗುತ್ತದೆ, ಮಿರ್-27ಬಿಗೆ ಸುಮ್ಮನೆ ಹೆಸರು ಬರುತ್ತದೆ.

ದಿನ 2: ಇನ್ಸುಲಿನ್ ಮಾತ್ರ. ದಿನ 4ರಿಂದ ಎಫ್‌ಬಿಎಸ್ ಮಾಧ್ಯಮ, ಎರಡು ದಿನಕ್ಕೊಮ್ಮೆ. ಗೋಡೆಗುಂಟ ನಿಧಾನ ಸುರಿಯಿರಿ; ಇಲ್ಲದಿದ್ದರೆ ಎಣ್ಣೆ ತುಂಬಿದ ಪದರ ಹಾಳೆಯ ಹಾಗೆ ಎದ್ದು ಬರುತ್ತದೆ.

ದಿನ 8: ಆಯಿಲ್ ರೆಡ್ ಓ (ಎಣ್ಣೆ ಹನಿಗೆ ಹಿಡಿಯುವ ಕೆಂಪು ಬಣ್ಣ). ಐಸೊಪ್ರೊಪನಾಲ್‌ನಲ್ಲಿ ಕರಗಿಸಿದ 0.5% ದ್ರಾವಣ 6 ಪಾಲು, ನೀರು 4 ಪಾಲು. 10 ನಿಮಿಷ ಬಿಟ್ಟು ಸೋಸಿ, ಕೂಡಲೇ ಬಳಸಬೇಕು. ತಡವಾದರೆ ಕೆಂಪು ಸೂಜಿಯಂಥ ಹರಳುಗಳು ಕೂರುತ್ತವೆ. ಕಣ್ಣಿಗೆ ಅವು ಹನಿಯಲ್ಲವೆಂದು ಗೊತ್ತಾದರೂ, ಬಣ್ಣ ಕರಗಿಸಿ 510 ನ್ಯಾನೊಮೀಟರಿನಲ್ಲಿ ಅಳೆಯುವ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ದಿನ 8ರಲ್ಲಿ ಪಿಪಿಎಆರ್ ಗಾಮಾ ಕಡಿಮೆ ಸಿಕ್ಕರೆ ಅದನ್ನೇ ಸಾಕ್ಷಿ ಅನ್ನಬಾರದು. ಅದೂ ಸಿ/ಇಬಿಪಿ ಆಲ್ಫಾವೂ (ಕೊಬ್ಬಾಗುವುದನ್ನು ನಡೆಸುವ ಇನ್ನೊಂದು ಪ್ರೋಟೀನ್) ಒಂದನ್ನೊಂದು ಏರಿಸುವುದರಿಂದ, ಯಾವ ಕಾರಣಕ್ಕೆ ಕೊಬ್ಬಾಗುವುದು ನಿಂತರೂ ಎರಡೂ ಇಳಿಯುತ್ತವೆ. ನೇರ ಪರೀಕ್ಷೆಯೆಂದರೆ ಲೂಸಿಫರೇಸ್ (ಬೆಳಕು ಕೊಡುವ ಕಿಣ್ವ): ಪಿಪಿಎಆರ್ ಗಾಮಾದ 3′ ಯುಟಿಆರ್‌ನಲ್ಲಿ (ಅದರ ಆರ್‌ಎನ್‌ಎಯ ಕೊನೆಯಲ್ಲಿ ಪ್ರೋಟೀನಾಗದ ಭಾಗ) ಮಿರ್-27 ಕೂರುವ ಎಸಿಯುಜಿಯುಜಿಎ ಜಾಗ ಹಾಗೇ ಇರುವ ಒಂದು ಪ್ಲಾಸ್ಮಿಡ್ (ಕೋಶಕ್ಕೆ ಸೇರಿಸುವ ಡಿಎನ್‌ಎ ಉಂಗುರ), ಅದೇ ಜಾಗ ಕೆಡಿಸಿದ ಇನ್ನೊಂದು. ಮೊದಲನೆಯದರ ಬೆಳಕು ಮಾತ್ರ ತಗ್ಗಬೇಕು. ಎರಡೂ ತಗ್ಗಿದರೆ ಕಾರಣ ಆ ಜಾಗವಲ್ಲ. ಮುಂದಿನ ಕೆಲಸ ಇದೇ, ಜೊತೆಗೆ ಮಿರ್-27ಬಿ ತಡೆಯುವ ಇನ್ಹಿಬಿಟರ್ ಗುಂಪು.